ತೊಪ್ಪೂರು ಘಾಟಿಯ ಎರಡು ಕೊಡ ನೀರು

ಮೊನ್ನೆ ಮಗಳು ಸಂತೆಯಿಂದ ಹೊಸ ಮಡಕೆ ತಂದು, ತೊಳೆದು, ನೀರು ತುಂಬಿ ಅಡುಗೆಮನೆಯ ಮೂಲೆಯಲ್ಲಿ ಮರಳಿನ ಮೇಲೆ ಕೂರಿಸಿದಳು. ಮೊದಲ ಲೋಟ ನನಗೇ ಕೊಟ್ಟಳು. ಬಾಯಿಗಿಡುವ ಮೊದಲೇ ಹಸಿಮಣ್ಣಿನ ವಾಸನೆ ಮೂಗಿಗೆ ಬಡಿಯಿತು. ವಾಸನೆಯೊಂದು ಮನುಷ್ಯನನ್ನು ಐವತ್ತು ವರ್ಷ ಹಿಂದಕ್ಕೆ ಎಳೆದೊಯ್ಯುತ್ತದೆಂದರೆ ನಾನು ನಂಬುವವನಲ್ಲ. ಆದರೂ ಅರವಟ್ಟಿಗೆಯ ಅಜ್ಜಿ ನೆನಪಾದಳು.

ಆಗ ಮೆಟ್ಟೂರಿನ ಅಣೆಕಟ್ಟು ಕಟ್ಟಿ ಮುಗಿದ ಹೊಸತು. ನಾನು ಮದರಾಸಿನಲ್ಲಿ ಭೌತಶಾಸ್ತ್ರ ಓದಿ ಬಂದು ಸೇಲಂನಲ್ಲಿ ಮೇಷ್ಟರಾಗಿದ್ದೆ. ಹೆಂಡತಿ ಚೊಚ್ಚಲ ಹೆರಿಗೆಗೆಂದು ನಲ್ಲಂಪಳ್ಳಿ ಹತ್ತಿರದ ತವರಿಗೆ ಹೋಗಿದ್ದಳು. ಒಂದು ಬೆಳಿಗ್ಗೆ ಬಸ್ಸಿನ ಡ್ರೈವರ್ ಕೈಲಿ ಮಾವ ಚೀಟಿ ಕಳಿಸಿದರು. ನಿನ್ನೆಯಿಂದ ನೋವು, ಮಗು ಇಳಿಯುತ್ತಿಲ್ಲ, ಸೂಲಗಿತ್ತಿ ಕೈಚೆಲ್ಲಿದ್ದಾಳೆ, ಯಾರನ್ನಾದರೂ ಕರೆದುಕೊಂಡು ಬಾ. ನಾನು ಆಸ್ಪತ್ರೆಯ ನರ್ಸಮ್ಮನೊಬ್ಬರನ್ನು ಕಾಡಿ ಬೇಡಿ ಹೊರಡಿಸಿ, ಬಾಡಿಗೆ ಕಾರು ಹಿಡಿದೆ.

ತೊಪ್ಪೂರು ದಾಟಿ ಘಾಟಿ ಏರುವಾಗ ಕಾರಿನ ಮೂತಿಯಿಂದ ಹಬೆ ಎದ್ದಿತು. ಇನ್ನೊಂದು ತಿರುವು ಎನ್ನುವಷ್ಟರಲ್ಲಿ ನಿಂತೇಹೋಯಿತು. ಇಂಜಿನ್ನಿನಲ್ಲಿ ನೀರು ಬತ್ತಿತ್ತು. ಏಪ್ರಿಲ್ ತಿಂಗಳು, ಬಂಡೆಗಳು ಮುಟ್ಟಿದರೆ ಸುಡುತ್ತಿದ್ದವು. ಆ ತಿರುವಿನಲ್ಲೇ ಒಂದು ಸೋಗೆಯ ಚಪ್ಪರ, ಅದರ ನೆರಳಲ್ಲಿ ಎರಡು ಮಣ್ಣಿನ ಕೊಡ, ಪಕ್ಕದಲ್ಲಿ ಒಬ್ಬ ಮುದುಕಿ. ದಾರಿಹೋಕರಿಗೆ ನೀರು ಕೊಡುವ ಅರವಟ್ಟಿಗೆ ಅದು.

ನಾನು ಓಡಿಹೋಗಿ ಒಂದು ಕೊಡಕ್ಕೆ ಕೈಹಾಕಿದೆ. ಅವಳು ಅದರ ಕುತ್ತಿಗೆಯನ್ನು ಬಿಗಿಯಾಗಿ ಹಿಡಿದಳು.

“ಮೊದ್ಲು ಒಂದ್ ಬೊಗಸೆ ಕುಡ್ದು ಕೂತ್ಕೊ ಸಾಮಿ. ನೀರ್ ಕುಡ್ದೋರು ಒಂದ್ ಗಳಿಗೆ ಕೂತೇ ಓಗ್ಬೇಕು.”

ನನಗೆ ಮೈ ಉರಿದುಹೋಯಿತು. ಹೆಂಡತಿಗೆ ಹೆರಿಗೆ ನೋವು, ಅಲ್ಲಿ ಒಂದು ಜೀವ ಹೋಗುತ್ತಿದೆ, ಇಲ್ಲಿ ನಿನ್ನ ಶಾಸ್ತ್ರವೇ ಎಂದು ಕೂಗಿದೆ. ಡ್ರೈವರ್ ಕೂಡ ಸ್ವಲ್ಪ ಆರಲಿ ಸಾರ್ ಎಂದ. ಬೀಡಿ ಸೇದಲು ಅವನಿಗೊಂದು ನೆಪ ಎಂದು ಅವನನ್ನೂ ಬೈದೆ. ಜಗ್ಗಾಟದಲ್ಲಿ ಕೊಡ ಜಾರಿ ಕಲ್ಲಿನ ಮೇಲೆ ಬಿತ್ತು. ನೀರು ಒಂದು ಕ್ಷಣ ಹೊಳೆದು ಮಣ್ಣಿನಲ್ಲಿ ಇಂಗಿಹೋಯಿತು.

ಮುದುಕಿ ಚೂರುಗಳನ್ನು ಕಾಲಿನಿಂದ ಅತ್ತ ಸರಿಸಿ, ಉಳಿದ ಕೊಡದ ಮುಂದೆ ಕೂತಳು.

“ಬಾವಿ ತೋಡೋವಾಗ ಬಂಡೆ ಸಿಕ್ರೆ ನಾವ್ ಏನ್ ಮಾಡ್ತೀವಿ ಗೊತ್ತಾ? ಅದ್ರ ಮ್ಯಾಲೆ ಬೆಂಕಿ ಆಕ್ತೀವಿ. ಚೆಂದಾಗ್ ಕಾದ್ ಮ್ಯಾಲೆ ತಣ್ಣೀರ್ ಉಯ್ತೀವಿ. ಬಂಡೆನೇ ಸೀಳೋಯ್ತದೆ. ನಿನ್ ಕಾರ್ ವಂಡಿ ಯಾವ ಲೆಕ್ಕ ಸಾಮಿ?”

ಕಾದ ಲೋಹ ತಟ್ಟನೆ ತಣಿದರೆ ಬಿರುಕು ಬಿಡುತ್ತದೆಂದು ನಾನು ವಾರದ ಹಿಂದಷ್ಟೇ ಮಕ್ಕಳಿಗೆ ಪಾಠ ಮಾಡಿದ್ದೆ. ಹೋಗಿ ಕೂತೆ.

ಎಷ್ಟು ಹೊತ್ತು ಕೂತೆವೋ ತಿಳಿಯದು. ಅರ್ಧ ಗಂಟೆಯೆಂದು ನನ್ನ ನೆನಪು, ಆದರೆ ಕಾಯುವವನ ಗಡಿಯಾರವನ್ನು ಯಾರು ನಂಬುತ್ತಾರೆ. ನರ್ಸಮ್ಮ ಚೀಲ ಮಡಿಲಲ್ಲಿಟ್ಟುಕೊಂಡು ಕಣ್ಣು ಮುಚ್ಚಿದ್ದರು. ನಾನು ಎದ್ದಾಗಲೆಲ್ಲ ಮುದುಕಿ ಕೈಯಲ್ಲೇ ಕೂರಲು ಸನ್ನೆ ಮಾಡುತ್ತಿದ್ದಳು. ನೀರೆಲ್ಲಿಂದ ತರುತ್ತೀ ಎಂದು ನರ್ಸಮ್ಮ ಕೇಳಿದ್ದಕ್ಕೆ, ಘಾಟಿ ಕೆಳಗಿನ ಬಾವಿಯಿಂದ ಎಂದಳು. ತನ್ನೂರು ಮೆಟ್ಟೂರು ಡ್ಯಾಮಿನಲ್ಲಿ ಮುಳುಗಿತೆಂದೂ ಹೇಳಿ ನಕ್ಕಳು. “ಊರ್ ಪೂರಾ ನೀರಾಗೈತೆ. ನಂಗ್ ನೋಡವ್ವ, ದಿನಕ್ ಎರಡೇ ಕೊಡ.”

ಅದರಲ್ಲೊಂದನ್ನು ನಾನು ಒಡೆದಿದ್ದೆ.

ಆಮೇಲೆ ಅವಳೇ ಎದ್ದು, ಜ್ವರ ನೋಡುವವಳ ಹಾಗೆ ಕಾರಿನ ಮೇಲೆ ಅಂಗೈ ಇಟ್ಟಳು. ತೆಂಗಿನ ಚಿಪ್ಪಿನಲ್ಲಿ ಮೊಗೆದು ಮೊಗೆದು ಡ್ರೈವರನ ಕೈಗೆ ಕೊಟ್ಟಳು. ಅವನು ಇಷ್ಟಿಷ್ಟೇ ಹುಯ್ದ. ಕೊಡ ಖಾಲಿಯಾಯಿತು. ಅವಳು ಕುಡಿಯಲಿಕ್ಕೂ ಉಳಿಯಲಿಲ್ಲ. ಕಾರು ಹೊರಟಾಗ ಕಿಟಕಿಗೆ ಮುಖ ತಂದು ಹೇಳಿದಳು:

“ಮಗು ಉಟ್ಟುದ್ರೆ, ಈ ದಾರೀಲಿ ಬರೋವಾಗ ಒಂದ್ ಮಾತ್ ಹೇಳ್ಬುಟ್ಟು ಓಗು ಸಾಮಿ. ಇಲ್ಲಾಂದ್ರೆ ನಂಗ್ ಗೊತ್ತಾಗಾಕಿಲ್ಲ.”

ನಾವು ತಲುಪಿದ ಸ್ವಲ್ಪ ಹೊತ್ತಿಗೆ ಹೆಣ್ಣು ಮಗು ಹುಟ್ಟಿತು. ಇನ್ನಷ್ಟು ತಡವಾಗಿದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲ ಎಂದರು ನರ್ಸಮ್ಮ.

ಹತ್ತು ದಿನದ ಮೇಲೆ ಬಸ್ಸಿನಲ್ಲಿ ಸೇಲಂಗೆ ಇಳಿಯುವಾಗ ಆ ಚಪ್ಪರ ಕಂಡಿತು. ಅವಳು ಒಬ್ಬ ಗಾಡಿಯವನ ಬೊಗಸೆಗೆ ನೀರು ಹುಯ್ಯುತ್ತಿದ್ದಳು. ನಿಲ್ಲಿಸಿ ಎಂದರೆ ಕಂಡಕ್ಟರ್ ನಿಲ್ಲಿಸುತ್ತಿದ್ದ. ನಾನು ಹೇಳಲಿಲ್ಲ. ಬರಿಗೈಲಿ ಇಳಿಯುವುದು ಹೇಗೆ, ಮುಂದಿನ ಸಲ ಹೊಸ ಕೊಡ ಹಿಡಿದೇ ಬರುತ್ತೇನೆ ಎಂದುಕೊಂಡೆ. ಅದು ನಾಚಿಕೆಯೋ, ಓದಿದವನ ಬಿಗುಮಾನವೋ... ಮತ್ತೂ ಮೂರು ನಾಲ್ಕು ಸಲ ಹಾಗೆಯೇ ಹಾದುಹೋದೆ. ಮಳೆ ಬಿದ್ದು ಚಪ್ಪರ ಕಳಚಿತು. ಮುಂದಿನ ಬೇಸಿಗೆ ಅಲ್ಲಿ ಬೇರೆ ಯಾರೋ ಇದ್ದರು. ಅಜ್ಜಿ ಎಲ್ಲಿಗೆ ಹೋದಳೆಂದು ಅವರಿಗೆ ತಿಳಿದಿರಲಿಲ್ಲ.

ಬಹಳ ವರ್ಷಗಳ ಮೇಲೆ ಆ ಕಾರಿನ ಡ್ರೈವರ್ ಸೇಲಂ ಬಸ್‌ಸ್ಟಾಂಡಿನಲ್ಲಿ ಸಿಕ್ಕಿದ. ಕೊಡದ ಮಾತು ತೆಗೆದೆ. ಅದು ನಿಮ್ಮಿಂದ ಒಡೆದದ್ದಲ್ಲ ಸಾರ್, ಬಿಡಿಸಲು ಬಂದ ನನ್ನ ಕೈತಾಗಿ ಬಿತ್ತು ಎಂದ. ನನಗೆ ಹಾಗೆ ನೆನಪಿಲ್ಲ. ಅವನಿಗೆ ಮರೆತಿತ್ತೋ, ನನ್ನ ಮುಖ ನೋಡಿ ಹಾಗೆಂದನೋ, ಇಂದಿಗೂ ತೀರ್ಮಾನವಾಗಿಲ್ಲ. ಸಾಕ್ಷಿ ಇಲ್ಲದ್ದನ್ನು ಒಪ್ಪದ ನಾನು ಅಂದು ಅವನ ಕೈ ಹಿಡಿದುಕೊಂಡೆ. ಹೇಳಿ ಹೋಗು ಎಂದು ಅಜ್ಜಿ ಕೇಳಿಕೊಂಡ ಮಾತನ್ನು ಮಾತ್ರ ನಾನು ಅನುಮಾನಿಸಲಾರೆ. ಪ್ರತಿ ಬೇಸಿಗೆ ಹೆಂಡತಿ, ಆ ಅಜ್ಜಿಗೆ ಹೇಳಿದಿರಾ ಎಂದು ಕೇಳುತ್ತಿದ್ದಳು. ಈಗ ಕೇಳಲು ಅವಳೂ ಇಲ್ಲ.

ನೀರು ಕುಡಿದ ಮೇಲೂ ಮೊನ್ನೆ ನಾನು ಏಳಲಿಲ್ಲ. ಮಗಳು ಲೋಟಕ್ಕೆ ಕೈ ಚಾಚಿ, ಏನಪ್ಪಾ, ತಲೆ ಸುತ್ತುತ್ತಾ ಎಂದಳು. ಇಲ್ಲ ಎಂದೆ.

“ಹೆಣ್ಣು ಮಗು” ಎಂದೆ, ಮಡಕೆಯ ಕಡೆ ತಿರುಗಿ. “ತಾಯಿ, ಮಗು ಇಬ್ಬರೂ ಉಳಿದರು.”

ಯಾರಿಗೆ ಹೇಳ್ತಿದೀಯಾ ಎಂದು ಕೇಳಿದಳು. ಒಂದು ಗಳಿಗೆ ಕೂತ್ಕೊ, ಹೇಳ್ತೀನಿ ಎಂದೆ.