ತಟ್ಟೆ ಬಂದರೆ ಏಳಬೇಕೋ, ಕೂರಬೇಕೋ?

ಮೊನ್ನೆ ಬೆಂಗೇರಿಯ ನಮ್ಮ ಮನೆಕಟ್ಟೆಯ ಮೇಲೆ ಕೂತು, ನಾನು ಕೆಲಸಕ್ಕಿರುವ ಅಂಗಡಿಯ ಸಾವುಕಾರರ ಮಗನಿಗೆ ಮೊಬೈಲಿನಲ್ಲಿ ಬರೆದೆ: ನಾಳೆ ಸೀಗೆ ಹುಣ್ಣಿಮೆ, ಮಾವನವರ ಹೊಲದಲ್ಲಿ ಊಟ, ರಜೆ ಬೇಕು. ಒಂದೇ ಬೆರಳಿನಲ್ಲಿ ಒತ್ತಿ ಒತ್ತಿ ಇಷ್ಟು ಬರೆಯುವುದರೊಳಗೆ ಚಹಾ ಆರಿತು. ಉತ್ತರ ಮಾತ್ರ ತಕ್ಷಣ ಬಂತು. ಒಂದು ಹಳದಿ ಹೆಬ್ಬೆಟ್ಟು.

ನಿಮಗೆ ಇದು ಸಲೀಸು ಇರಬಹುದು. ನಾನು ಹೆಬ್ಬೆಟ್ಟು ಒತ್ತುವುದು ತಪ್ಪಲಿ ಅಂತಲೇ ಮೀಸೆ ಬಂದ ಮೇಲೆ ಶಾಲೆಗೆ ಹೋಗಿ ಅಕ್ಷರ ಕಲಿತವನು. ಈಗ ಕಾಲೇಜು ಓದಿದವರೇ ಒತ್ತುತ್ತಿದ್ದಾರೆ. ಇದು ‘ಹೋಗು’ ಎಂದೋ, ‘ಓದಿದೆ, ಆಮೇಲೆ ನೋಡೋಣ’ ಎಂದೋ? ಯೋಚಿಸುತ್ತ ಕೂತವನಿಗೆ ಹಳೆಯದೊಂದು ಎಲೆ-ಅಡಿಕೆ ತಟ್ಟೆ ನೆನಪಾಯಿತು.

ನಮ್ಮ ಕಾಳಿನ ಅಂಗಡಿಯ ಹಿರಿಯ ಸಾವುಕಾರರು ಯಾರಿಗೂ ‘ಇನ್ನು ಹೊರಡಿ’ ಅಂದವರಲ್ಲ. ಮಾತು ಸಾಕೆನಿಸಿದರೆ ಎಲೆ-ಅಡಿಕೆ ತಟ್ಟೆಯನ್ನು ಮುಂದೆ ಸರಿಸುತ್ತಿದ್ದರು. ಬಂದವರು ಒಂದೆಲೆ ಮಡಿಸಿ ಬಾಯಿಗಿಟ್ಟು ಏಳುತ್ತಿದ್ದರು. ವರ್ಷಗಟ್ಟಲೆ ಅದನ್ನೇ ನೋಡಿದ ನಾನು ಕಾಕಾನ ಜೊತೆ ಅಮ್ಮಿನಬಾವಿಗೆ ಹೆಣ್ಣು ನೋಡಲು ಹೋದೆ. ಹುಡುಗಿ ಅವಲಕ್ಕಿ ಕೊಟ್ಟು ಒಳಗೆ ಹೋದಳು. ನನಗೆ ಮನಸ್ಸಾಗಿತ್ತು, ಬಾಯಿ ಮಾತ್ರ ಬರಲಿಲ್ಲ. ಅವಳ ಅಪ್ಪ ಮಳೆ, ಶೇಂಗಾ ಅಂತ ಏನೋ ಆಡಿ, ನನ್ನ ಮುಖವನ್ನೊಮ್ಮೆ ನೋಡಿ, ತಟ್ಟೆ ಸರಿಸಿದರು.

ಆಯಿತು, ನಾಪಾಸು ಅಂದುಕೊಂಡೆ. ಎದ್ದು ಕೈ ಮುಗಿದು, ಹೊರಗೆ ಬಂದು ಚಪ್ಪಲಿ ಮೆಟ್ಟಿದೆ. ಕಾಕಾ ಒಳಗೆ ಎಲೆ ಹಿಡಿದುಕೊಂಡು ಬಾಯಿ ತೆರೆದೇ ಕೂತಿದ್ದರಂತೆ. ಅಷ್ಟರಲ್ಲಿ ಹಿತ್ತಲಿನಿಂದ ಸುತ್ತಿಕೊಂಡು ಹುಡುಗಿಯೇ ಅಂಗಳಕ್ಕೆ ಬಂದಳು.

“ನಾ ಮನಸ್ಸಿಗೆ ಬರಲಿಲ್ಲೇನ್ರಿ? ಹೇಳದ ಹೊಂಟ್ರಿ.”

“ನಿಮ್ಮಪ್ಪಾರ ತಾಟು ಸರಿಸಿದ್ರಲ್ರಿ,” ಎಂದೆ.

“ನಮ್ಮ ಮನ್ಯಾಗ ಎಲಿ ಕೊಟ್ರ ಮಾತು ಕೊಟ್ಟಂಗ್ರಿ. ತಿಳೀಲಿಲ್ಲಂದ್ರ ಬಾಯಿ ಬಿಟ್ಟು ಕೇಳಬೇಕು. ಹೋಗ್ರಿ, ಒಳಗ ಕುಂದರ್ರಿ.”

ಹೋಗಿ ಕೂತೆ. ಗಡಿಬಿಡಿಯಲ್ಲಿ ಎಲೆಗೆ ಸುಣ್ಣ ಹೆಚ್ಚು ಬಳಿದು ಬಾಯಿ ಸುಟ್ಟು ಕಣ್ಣಲ್ಲಿ ನೀರು ಬಂತು. ಎಲ್ಲರೂ ಸಂತೋಷಕ್ಕೆ ಅಂದುಕೊಂಡರು. ನಾನೂ ತಿದ್ದಲಿಲ್ಲ.

ಆ ಹುಡುಗಿಯೇ ಮೊನ್ನೆ ಚಹಾದ ಕಪ್ಪು ಎತ್ತಲು ಬಂದು, ಮೊಬೈಲ್ ಇಣುಕಿ, “ಎಷ್ಟೊತ್ತು ಅದರ ಮಾರಿ ನೋಡ್ತೀರಿ? ಕೇಳ್ರಿ,” ಅಂದಳು. ಫೋನು ಹಚ್ಚಿದೆ. “ಹೂಂ ಅಂದೇನಲ್ರಿ ಕಾಕಾ, ಹೋಗಿ ಬರ್ರಿ,” ಎಂದು ಸಾವುಕಾರರ ಮಗ ನಕ್ಕ.

ಮರುದಿನ ಹೊಲದಲ್ಲಿ ಊಟ ಮುಗಿದ ಮೇಲೆ ಮಾವ ತಟ್ಟೆ ಸರಿಸಿದರು. ಈ ಸಲ ಕೇಳಿಯೇ ಬಿಟ್ಟೆ: “ಏಳಬೇಕೇನ್ರಿ ಮಾವಾರ, ಕುಂದರಬೇಕೇನ್ರಿ?”

ಅವರು ಸುಣ್ಣದ ಡಬ್ಬಿಯನ್ನು ಮೆಲ್ಲಗೆ ತಮ್ಮ ಕಡೆ ಎಳೆದುಕೊಂಡರು.

“ಕುಂದರ್ರಿ ಅಳಿಯಾರ. ಸುಣ್ಣಾ ಮಾತ್ರ ನಾ ಹಚ್ಚಿ ಕೊಡ್ತೇನಿ.”