ಟೇಬಲ್ ಗೀಬಲ್

ನಮ್ಮ ಚಿಕ್ಕಮ್ಮ ಪರದೇಶಕ್ಕೆ ಹೋದದ್ದು ಪರದೆ ಹೊಲಿಯುವುದಕ್ಕೆ. ಹರಕುಮುರುಕು ಇಂಗ್ಲಿಷಿನಲ್ಲೇ ಕೆಲಸ ಗಿಟ್ಟಿಸಿಕೊಂಡಳು, ನಾಲಿಗೆ ಮಾತ್ರ ಅಪ್ಪಟ ಕನ್ನಡದ್ದು. ಕಾರ್ಖಾನೆಯವರು ಕೊಟ್ಟ ಅಪಾರ್ಟ್‌ಮೆಂಟಿನಲ್ಲಿ ಗೋಡೆ ಬಿಟ್ಟರೆ ಬೇರೇನೂ ಇರಲಿಲ್ಲ. ಬೀಗದ ಕೈ ಕೊಡಲು ಬಂದ ಕಟ್ಟಡದ ಮೇಲ್ವಿಚಾರಕನನ್ನು, "ಟೇಬಲ್ ಗೀಬಲ್ ಏನಾದ್ರೂ ಇದ್ಯಾ?" ಎಂದು ತನ್ನ ಇಂಗ್ಲಿಷಿನಲ್ಲಿ ಕೇಳಿದಳು.

ಆತ ಗಲ್ಲ ಕೆರೆದುಕೊಂಡ. "ಟೇಬಲ್ ಇಲ್ಲಮ್ಮ. ಗೀಬಲ್ ಹುಡುಕಿ ನೋಡ್ತೀನಿ."

ಗೀಬಲ್ ಅಂದರೇನು ಎಂದು ಕೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತೋ. ತನ್ನ ಕೆಲಸ ತನಗೇ ಗೊತ್ತಿಲ್ಲ ಎಂದಾದೀತೆಂಬ ಬಿಗುಮಾನ. ಚಿಕ್ಕಮ್ಮನೂ ಸಂಕೋಚಕ್ಕೆ ಬಿದ್ದು ಥ್ಯಾಂಕ್ಸ್ ಹೇಳಿ ಬೀಗದ ಕೈ ಇಸಕೊಂಡಳು.

ಮರುದಿನ ಕಾರ್ಖಾನೆಯಲ್ಲೂ ಅದೇ ಕಥೆ. ಪರದೆಗೆ ಹಾಕಲು "ರಿಂಗ್ ಗಿಂಗ್ ಕೊಡಿ" ಅಂದಳು. ಸೂಪರ್‌ವೈಸರ್ ಹೆಂಗಸು ರಿಂಗ್ ಎಣಿಸಿಕೊಟ್ಟು, "ಗಿಂಗ್ ಯಾವ ಸೈಜು?" ಎಂದಳು. ಚಿಕ್ಕಮ್ಮ ಗಾಬರಿಯಲ್ಲಿ "ಮೀಡಿಯಂ" ಅಂದುಬಿಟ್ಟಳಂತೆ.

ಭಾನುವಾರ ನಾನು ಫೋನ್ ಮಾಡಿದೆ. "ಮನೆ ಹೊಂದಿಸಿಕೊಂಡ್ಯಾ ಚಿಕ್ಕಮ್ಮ? ಟೇಬಲ್ ಗೀಬಲ್ ಬಂತಾ?"

"ಟೇಬಲ್ ಇನ್ನೂ ಬಂದಿಲ್ಲ ಕಣೆ," ಎಂದು ನಿಟ್ಟುಸಿರಿಟ್ಟಳು. "ಗೀಬಲ್ ಬಂತು. ಮೂರು ಕಾಲು, ಮಧ್ಯೆ ಒಂದು ತೂತು. ಪಾಪ, ನೆಲಮಾಳಿಗೆಯಿಂದ ಹೊತ್ಕೊಂಡು ಬಂದ. ಈಗ ಎದುರುಮನೆಯವಳು ಜಗಳಕ್ಕೆ ನಿಂತಿದ್ದಾಳೆ, ಹತ್ತು ವರ್ಷದಿಂದ ಬಾಡಿಗೆ ಕಟ್ತಿದ್ರೂ ತನಗೆ ಗೀಬಲ್ ಕೊಟ್ಟಿಲ್ಲ ಅಂತ."