ದೇವಿಯ ಮುಖ

ದೇವರ ಪಟ ಕೊಳ್ಳುವುದು ಸೀರೆ ಕೊಳ್ಳುವುದಕ್ಕಿಂತ ಕಷ್ಟವೆಂದು ಹೊಸಪೇಟೆಯ ಪಟದಂಗಡಿಯಲ್ಲಿ ನಿಂತಾಗ ನನಗೆ ತಿಳಿಯಿತು. ಬೆಳಿಗ್ಗೆ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೂತಾಗ ಮನಸ್ಸಿಗೆ ತಂದುಕೊಳ್ಳಲು ದೇವಿಯದೊಂದು ರೂಪ ಬೇಕಿತ್ತು, ಅಷ್ಟೆ. ನಾನು ಮುಟ್ಟಿದ ಪಟವನ್ನು ಅಂಗಡಿಯವನು ಹಿಂದಕ್ಕೆಳೆದುಕೊಂಡ.

"ನಿಂತ ಲಕ್ಷ್ಮಿ ಬ್ಯಾಡ್ರೀ ಅಮ್ಮಾ, ಹೊಂಟು ಹೋಗ್ತಾಳ. ಕುಂತಾಕೀನ ಒಯ್ರಿ."

"ಕಾಳಿ?"

"ಅಯ್ಯ, ಆಕಿ ಗುಡಿಯಾಗ ಇರ್ಲಿ ಬಿಡ್ರಿ. ಮನಿಯಾಗ ಮಂದಿ ಬಾಳೇವು ಮಾಡಬೇಕಲ್ರಿ!"

ನಕ್ಕೆ. ಆದರೆ ಗೋಡೆಯ ತುಂಬ ಕುಂತವರು, ನಿಂತವರು, ಹುಲಿ ಏರಿದವರು, ಎಲ್ಲರ ಕೊರಳಲ್ಲೂ ತಾಳಿ, ಕೈತುಂಬ ಬಳೆ. ಗಂಡನನ್ನು ಕಳೆದುಕೊಂಡ ನನ್ನಂಥವಳಿಗೂ ಒಬ್ಬ ದೇವಿ ಬೇಕಾದೀತೆಂದು ಅಚ್ಚು ಹಾಕುವವರಿಗೆ ಹೊಳೆದಿಲ್ಲ. ಶಾಸ್ತ್ರದಲ್ಲಿ ವಿಧವೆ ಧೂಮಾವತಿ ಇದ್ದಾಳೆ, ಅಂಗಡಿಯಲ್ಲಿಲ್ಲ, ಎಂ.ಎ. ಓದಿದ್ದರಿಂದ ನನಗಾದ ಲಾಭ ಈ ತಿಳಿವಳಿಕೆಯೊಂದೇ.

ಮೊದಲು ನನಗೂ ಒಬ್ಬ ದೇವಿ ಇದ್ದಳು. ಮದುವೆಯಾದಂದಿನಿಂದ ಪ್ರತಿ ಶ್ರಾವಣದಲ್ಲೂ ವರಮಹಾಲಕ್ಷ್ಮಿಯ ಕಲಶಕ್ಕೆ ಸೀರೆ ಉಡಿಸಿ, ಮೇಲಿನ ತೆಂಗಿನಕಾಯಿಗೆ ಮನೆತನದ ಬೆಳ್ಳಿಯ ಮುಖ ಕಟ್ಟುತ್ತಿದ್ದವಳು ನಾನೇ. ನನ್ನ ಗಂಡ ತೀರಿಕೊಂಡ ವರ್ಷ ಅತ್ತೆ ಆ ಮುಖವನ್ನು ಕಂಪ್ಲಿಯಲ್ಲಿರುವ ಮೈದುನನ ಹೆಂಡತಿ, ನನ್ನ ನೆಗೆಣ್ಣಿ ಗಿರಿಜೆಗೆ ಕೊಟ್ಟರು. "ನಿನ್ನ ಮ್ಯಾಲ ಸಿಟ್ಟಿಲ್ಲವ್ವಾ. ನಿಮ್ಮ ಮಾವ ಹೋದಾಗ ನಮ್ಮತ್ತೀನೂ ನನ್ನ ಕೈಯಾಗಿಂದ ಹಿಂಗ ಇಸಗೊಂಡಿದ್ರು" ಎಂದರು. ಸಮಾಧಾನ ಹೇಳಿದರೋ, ಸೇಡು ತೀರಿಸಿಕೊಂಡರೋ. ಅವರ ದನಿಯನ್ನು ನನ್ನ ನೆನಪು ದಿನಕ್ಕೊಂದು ರೀತಿ ಕೇಳಿಸುತ್ತದೆ.

ಪಟ ಕೊಳ್ಳದೆ ಬಂದವಳು ಆ ಬೆಳ್ಳಿಯ ಮುಖವನ್ನೇ ಧ್ಯಾನಿಸತೊಡಗಿದೆ: ಕಿರುನಗೆ, ನನ್ನನ್ನೇ ನೋಡುವ ದೊಡ್ಡ ಕಣ್ಣುಗಳು. ಮೂಗುತಿ ಯಾವ ಕಡೆಗಿತ್ತೆಂದು ಅನುಮಾನ ಬಂದು ಗಿರಿಜೆಯನ್ನು ಕೇಳಿದರೆ ಫೋನಿಗೆ ಫೋಟೋ ಕಳಿಸಿ, ಹಿಂದೆಯೇ ಕರೆಮಾಡಿದಳು. "ಕಣ್ಣು ಹೊಸಾವು ಕೂಡಿಸೀನಿ ಅಕ್ಕಾ. ಮೊದಲ ಸವದು ಬೋಳಾಗಿದ್ವಲ್ಲ, ಕುರುಡಿ ಕಂಡಂಗ ಕಾಣ್ತಿದ್ಲು." ಹಳೆಯ ಹಬ್ಬಗಳ ಫೋಟೋ ತೆಗೆದು ನೋಡಿದೆ. ನಿಜ. ನನ್ನನ್ನು ನೋಡುತ್ತಿದ್ದಾಳೆಂದು ಇಷ್ಟು ವರ್ಷ ನಾನು ನಂಬಿದ್ದವಳಿಗೆ ಕಣ್ಣೇ ಇರಲಿಲ್ಲ.

ಹಂಪಿಗೆ ನೆಂಟರನ್ನು ಕರೆದೊಯ್ದಾಗಲೆಲ್ಲ ನರಸಿಂಹನ ಮುಂದೆ ನಿಲ್ಲುತ್ತೇನೆ. ನೀವೂ ನೋಡಿರುತ್ತೀರಿ. ತೊಡೆಯ ಮೇಲಿದ್ದ ಲಕ್ಷ್ಮಿ ಒಡೆದುಹೋಗಿ, ಅವನ ಬೆನ್ನ ಮೇಲೆ ಅವಳ ಕೈಯೊಂದು ಮಾತ್ರ ಉಳಿದಿದೆ. ಹೆಂಡತಿ ಹೋದಮೇಲೂ ಅವನು ಲಕ್ಷ್ಮೀನರಸಿಂಹನೇ. ಅವನಿಂದ ಯಾರೂ ಏನನ್ನೂ ಇಸಿದುಕೊಂಡಿಲ್ಲ.

ಈ ಶ್ರಾವಣದಲ್ಲಿ ಗಿರಿಜೆ ಕರೆದಳು. "ಅಕ್ಕಾ, ನೆರಿಗಿ ನನಗ ಕೂಡೂದ ಇಲ್ಲ. ಮುಂಜಾನೆ ಜಲ್ದಿ ಬಂದು ಉಡಿಸಿ ಕೊಡ್ರಿ. ಮುತ್ತೈದೇರು ಬರೂದ್ರಾಗ ಮುಗಿದ್ರ ಸಾಕು." ಕೊನೆಯ ಮಾತು ನನ್ನನ್ನು ಮರೆಯಲ್ಲಿರಿಸಲು ಆಡಿದ್ದೆಂದು ತಿಳಿದೂ ಹೋದೆ. ಒಳಕೋಣೆಯಲ್ಲಿ ಬಿಂದಿಗೆಗೆ ಕೋಲು ಕಟ್ಟಿ, ಜರಿಯ ಸೀರೆಯ ನೆರಿಗೆ ಒಂದೊಂದಾಗಿ ಹಿಡಿದು, ಸೆರಗು ಇಳಿಬಿಟ್ಟು, ಕಾಯಿ ಕೂರಿಸಿ, ಅಭ್ಯಾಸಬಲದಿಂದ ಮುಖಕ್ಕೆ ಕೈಚಾಚಿದೆ.

"ಅದಿರ್ಲಿ" ಎಂದರು ಬಾಗಿಲಲ್ಲಿ ಕೂತಿದ್ದ ಅತ್ತೆ. "ಗಿರಿಜಾ ಇಡ್ತಾಳ."

ಗಿರಿಜೆ ನನ್ನ ಮುಖ ನೋಡಲಿಲ್ಲ. "ಚಾ ಕುಡದು ಹೋಗ್ರಿ ಅಕ್ಕಾ" ಎಂದಳು. ಕುಡಿಯದೆ ಹಿತ್ತಲ ಬಾಗಿಲಿನಿಂದ ಬಂದು ಬಸ್ಸು ಹತ್ತಿದೆ.

ಪಟದಂಗಡಿಗೆ ಮತ್ತೆ ಹೋಗಿಲ್ಲ. ಕಣ್ಣು ಮುಚ್ಚಿದರೆ ಈಗ ಬರುವುದು ಒಂದೇ ರೂಪ: ನಾನು ಉಡಿಸಿದ ಸೀರೆ, ನೆಟ್ಟನೆಯ ನೆರಿಗೆ, ಮೇಲೆ ಬರಿಯ ತೆಂಗಿನಕಾಯಿ. ಇದು ಭಕ್ತಿಯೋ ಹಟವೋ ಹೇಳಲಾರೆ. ಕೊರಳಿಗಿನ್ನೂ ತಾಳಿ ಬಿದ್ದಿಲ್ಲ, ಮುಖ ಇಡುವವರು ಇನ್ನೂ ಬಂದಿಲ್ಲ. ಅವರು ಬರುವುದರೊಳಗೆ ನನ್ನ ಪೂಜೆ ಮುಗಿಸಿ ಏಳುತ್ತೇನೆ.